ಗೂಟದಲ್ಲಿ ಇಲ್ಲದ ಹಗ್ಗ

ಶ್ರೀಗಂಧದ ಕಾವಲಿನ ಅಂಚಿನ ಹಳ್ಳಿಯಲ್ಲಿ ಯಾರು ಹಗ್ಗ ತಂದರೂ ಮೊದಲು ನರಸಮ್ಮನ ಕೈಗೆ ಕೊಟ್ಟು ನೋಡುವರು. ಕೆಂಗೇರಿ ಸಂತೆಯಿಂದ ಬಂದವರು ಅವಳ ಜಗಲಿಯ ಮೇಲೆ ಹಗ್ಗದ ಸುರುಳಿ ಇಳಿಸಿ, "ವಸಿ ನೋಡವ್ವ, ಮೋಸ ಹೋದ್ನಾ ಅಂತ" ಅನ್ನುವರು. ಅವಳು ಕಣ್ಣಿಂದ ನೋಡುತ್ತಿರಲಿಲ್ಲ. ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು, ಹಗ್ಗವನ್ನು ಬೆರಳ ಸಂದಿಯಲ್ಲಿ ತುದಿಯಿಂದ ತುದಿಗೆ ಎಳೆದು, ನಡುವೆ ಎಲ್ಲೋ ನಿಲ್ಲಿಸಿ, "ಇಲ್ಲಿ ಹೊಸೆಯೋನನ್ನ ಯಾರೋ ಮಾತಾಡ್ಸವ್ರೆ. ಕೈ ಸಡಿಲ ಬಿದ್ದದೆ" ಎನ್ನುವಳು. ಆಮೇಲೆ ಮೂಗಿನ ಹತ್ತಿರ ಹಿಡಿಯುವಳು.

ಕತ್ತಾಳೆ ಹಗ್ಗಕ್ಕೆ ಮೂಗೇ ಸಾಕ್ಷಿ ಎಂದು ಅವಳಪ್ಪ ಹೇಳಿಕೊಟ್ಟಿದ್ದ. ಕತ್ತಾಳೆ ಪಟ್ಟೆಯನ್ನು ಕೆರೆಯ ಕೆಸರಲ್ಲಿ ಹೂತು ಕೊಳೆಯಿಸಿಯೇ ನಾರು ತೆಗೆಯುವುದು. ಕೊಳೆಯಬೇಕಾದ್ದು ಮೇಲಿನ ತಿರುಳು, ಒಳಗಿನ ನಾರಲ್ಲ. ಒಂದಿಷ್ಟು ಹೆಚ್ಚು ಬಿಟ್ಟರೆ ನಾರೂ ಹೋಯಿತು. ನೋಡಲಿಕ್ಕೆ ಹಾಗೇ ಇರುತ್ತದೆ, ಎಳೆದರೆ ಹಳೇ ಬತ್ತಿಯ ಹಾಗೆ ಬಿಟ್ಟುಕೊಳ್ಳುತ್ತದೆ.

ಅವಳನ್ನು ಬೈರಯ್ಯನಿಗೆ ಕೊಟ್ಟ ಚಪ್ಪರದಲ್ಲೇ ಬೈರಯ್ಯನ ತಂಗಿ ಹನುಮಕ್ಕನನ್ನು ಅವಳ ಅಣ್ಣ ದೊಡ್ಡಣ್ಣನಿಗೆ ತಂದುಕೊಂಡಿದ್ದರು. ಹೆಣ್ಣು ಕೊಟ್ಟು ಹೆಣ್ಣು ತಂದ ಸಂಬಂಧ. ಗಂಡಸರಿಬ್ಬರೂ ಒಬ್ಬರಿಗೊಬ್ಬರು ಭಾವ, ಹೆಂಗಸರಿಬ್ಬರೂ ಒಬ್ಬರಿಗೊಬ್ಬರು ಅತ್ತಿಗೆ. ಒಂದೇ ಊರಲ್ಲಿ ಮೇಲಿನ ಬೀದಿಯಲ್ಲೊಂದು ಮನೆ, ಕೆಳಗಿನ ಬೀದಿಯಲ್ಲೊಂದು ಮನೆ. ಇಂಥ ಸಂಬಂಧದಲ್ಲಿ ಒಂದು ಭಯ ಯಾವಾಗಲೂ ಇದ್ದದ್ದೇ. ಒಂದು ಮನೆಯ ಹೆಣ್ಣನ್ನು ಅಳಿಸಿ ಕಳಿಸಿದರೆ ಇನ್ನೊಂದು ಮನೆಯ ಹೆಣ್ಣೂ ಗಂಟು ಕಟ್ಟಬೇಕು.

ಬೈರಯ್ಯ ಬೇಸಾಯಗಾರನೇ. ಆದರೆ ಊರಿಗೆಲ್ಲ ಮರದ ಬೈರಯ್ಯ. ಕಾವಲಿನ ಪೊದೆಗಳಿಂದ ಹಂದಿ ಇಳಿದು ಕಡಲೆಕಾಯಿ ಹೊಲವನ್ನು ಉತ್ತುಹಾಕುವ ಕಾಲಕ್ಕೆ, ಕೇಪು ಇಟ್ಟು ಸಿಡಿಸುವ ಕೋವಿ ಹಿಡಿದು ಹಿಪ್ಪೆಮರದ ಮೇಲೆ ಕೂರುವವನು ಅವನು. ಕೋವಿಯ ಲೈಸೆನ್ಸಿನಲ್ಲಿ ಭಾವಂದಿರಿಬ್ಬರ ಹೆಸರೂ ಇತ್ತು, ಗುರಿ ಮಾತ್ರ ಬೈರಯ್ಯನದು. ದೊಡ್ಡಣ್ಣನಿಗೆ ಮರ ಎಂದರೆ ಕೈಕಾಲು ನಡುಕ. ಹಿಂದೊಮ್ಮೆ ಮದ್ದು ಸಿಡಿದು ಬೈರಯ್ಯನ ಬಲಗೈ ತೋರುಬೆರಳಿನ ತುದಿ ಹಾರಿಹೋಗಿತ್ತು. ಆ ಮೋಟು ಬೆರಳಲ್ಲೇ ಕೋವಿ ಹಾರಿಸುತ್ತಿದ್ದ.

ಮರ ಹತ್ತುವುದಕ್ಕೆ ಈ ಎರಡು ಮನೆಗಳಲ್ಲಿ ಕಟ್ಟಳೆ ಇತ್ತು. ಹಗ್ಗದ ನಡುಭಾಗ ಸೊಂಟಕ್ಕೆ, ಎರಡು ತುದಿ ಮರಕ್ಕೆ. ಕಾಲು ನೆಲ ಬಿಡುವ ಮೊದಲೇ ಒಂದು ತುದಿ ಮರವನ್ನು ಬಳಸಿ ಬಿಗಿದಿರಬೇಕು. ಹತ್ತುವಾಗ ಕೊಂಬೆ ಅಡ್ಡ ಬಂದರೆ ಇನ್ನೊಂದು ತುದಿಯನ್ನು ಕೊಂಬೆಯ ಮೇಲುಗಡೆ ಬಿಗಿದು, ಅದು ಕಚ್ಚಿತು ಎಂದು ಗೊತ್ತಾದ ಮೇಲೇ ಕೆಳಗಿನದನ್ನು ಬಿಚ್ಚಬೇಕು. ಯಾವ ಗಳಿಗೆಯಲ್ಲೂ ಮರಕ್ಕೂ ಮನುಷ್ಯನಿಗೂ ಒಂದು ಗಂಟು ಇರಲೇಬೇಕು. ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಹತ್ತುವಂತಿಲ್ಲ. ಮೇಲೆ ಕೂತು ಕಟ್ಟಿಕೊಂಡಾದ ಮೇಲೆ, ಕೇಪು ಹಾಕದ ಕೋವಿಯನ್ನು ದಾರದಲ್ಲಿ ಸೇದಿಕೊಳ್ಳಬೇಕು.

ಇದೆಲ್ಲ ಬೇರೆ ಊರಲ್ಲೂ ಇದ್ದೀತು. ಇವರಲ್ಲಿ ಇನ್ನೊಂದು ಇತ್ತು. ಹತ್ತುವವನ ಹಗ್ಗ ಅವನ ಮನೆಯಲ್ಲಿ ಇರಕೂಡದು. ಅವನ ಹೆಂಡತಿಯ ಅಣ್ಣನೋ ತಮ್ಮನೋ ಯಾರಿದ್ದಾನೆ, ಅವನ ಮನೆಯ ಒಲೆಯ ಮೇಲಿನ ಗೂಟದಲ್ಲಿ ಹೊಗೆ ಕುಡಿಯುತ್ತಾ ಇರಬೇಕು. ಹೊಗೆಗೆ ಹುಳ ಬರುವುದಿಲ್ಲ. ಹತ್ತುವ ದಿನ ಆ ಭಾವಮೈದುನನೇ ಹಗ್ಗ ತಂದು, ಕೈಗೆಟುಕುವ ಕೊಂಬೆಗೆ ಹಾಕಿ, ಮೊದಲು ತಾನು ಜೋತುಬಿದ್ದು ಮೈಭಾರವೆಲ್ಲ ಬಿಡಬೇಕು. ಅದಕ್ಕೆ ತೂಗುವುದು ಎನ್ನುತ್ತಿದ್ದರು. ಅವನು ತೂಗಿದ ಮೇಲೇ ಇವನ ಸೊಂಟಕ್ಕೆ. ಒಡಹುಟ್ಟಿದವಳ ತಾಳಿ ಹಗ್ಗದಲ್ಲಿ ಇರುವಾಗ ಅವನಿಗಿಂತ ಜೋಪಾನ ಮಾಡುವವನು ಯಾರು, ಎಂದು ಹಿರಿಯರು ಮಾಡಿಟ್ಟ ಲೆಕ್ಕ.

ರಾಜಾಜಿನಗರದಲ್ಲಿ ಕಾರ್ಖಾನೆಗಳು ಏಳುತ್ತಿದ್ದ ವರ್ಷಗಳು ಅವು. ಮಾಗಡಿ ರಸ್ತೆಯ ಈಚೆಗೂ ಸರ್ವೆಯವರು ಅಳತೆಯ ಸರಪಳಿ ಹಿಡಿದು ಬರತೊಡಗಿದ್ದರು. ಆಷಾಢದಲ್ಲಿ ಒಂದು ದಿನ ಬೈರಯ್ಯ ಹೊಲದಿಂದ ಬಂದವನು ಕೈಕಾಲು ಕೂಡ ತೊಳೆಯದೆ ಪಡಸಾಲೆಯಲ್ಲಿ ಕುಕ್ಕರಿಸಿದ.

"ನಿಮ್ಮಣ್ಣ ಸರ್ಕಾರದ ಸರಪಳಿ ಎಳೀತಾ ಅವ್ನೆ."

"ಎಳೀಲಿ ಬುಡಿ" ಎಂದಳು ನರಸಮ್ಮ. "ಅವರ ಕೂಲಿಯವನಿಗೆ ಜ್ವರವಂತೆ. ಅಣ್ಣನ್ನ ಕರ್ದವ್ರೆ."

"ಬದು ಮೇಲೆ ಎಳೀಲಿಲ್ಲ. ಬದು ದಾಟಿ ನಮ್ಮ ಹೊಲದೊಳಗೆ ಎಳ್ದ."

"ಬದು ತುಂಬ ಲಂಟಾನ ಬೆಳ್ದದೆ. ಮುಳ್ಳೊಳಗೆ ಹೆಂಗೆ ಎಳೆಯಾಕಾಯ್ತದೆ?"

"ತವರಿಗೆ ನೀನೇ ಲಾಯರು" ಎಂದು ಬೈರಯ್ಯ ಎದ್ದುಹೋದ.

ಅವರ ಹೊಲಗಳು ಒಂದೇ ಬದುವಿನ ಆಚೆ ಈಚೆ. ಅವತ್ತಿನಿಂದ ಬೈರಯ್ಯ ಬೆಳಿಗ್ಗೆ ಎದ್ದರೆ ಮೊದಲು ಬದುವಿನ ಕಲ್ಲು ನೋಡಿ ಬರುವನು. ಭಾವ ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ. ಅನುಮಾನ ಕತ್ತಾಳೆಯ ಗುಣದ್ದು. ಬೇಲಿಯಲ್ಲಿ ಒಂದು ನೆಟ್ಟರೆ ಸಾಕು, ಪಕ್ಕದಲ್ಲಿ ಮರಿಗಳು ತಾವೇ ಏಳುತ್ತವೆ.

ಗೌರಿ ಹಬ್ಬಕ್ಕೆ ನರಸಮ್ಮ ಬಾಗಿನ ತರಲು ಅಣ್ಣನ ಮನೆಗೆ ಹೋದಳು. ಹನುಮಕ್ಕ ಒಬ್ಬಟ್ಟು ತಟ್ಟುತ್ತಿದ್ದಳು. ಮಾತಾಡುತ್ತಾ ನರಸಮ್ಮ ಒಲೆಯ ಮೇಲಕ್ಕೆ ಕಣ್ಣು ಹಾಯಿಸಿದಳು. ಗೂಟ ಬರಿದಾಗಿತ್ತು. ಮಸಿ ಹಿಡಿದ ಗೋಡೆಯ ಮೇಲೆ ಹಗ್ಗದ ಸುರುಳಿ ಇದ್ದಷ್ಟು ಜಾಗ ಬಿಳಿಚಿಕೊಂಡಿತ್ತು.

"ಹಗ್ಗ ಎಲ್ಲಿ ಅತ್ತಿಗೆ?"

ಹನುಮಕ್ಕನ ಕೈ ಒಂದು ಚಣ ನಿಂತಿತು. "ಇಲ್ಲೇ ಎಲ್ಲೋ ಇರಬೇಕು. ಸುಣ್ಣ ಬಳಿಯೋವಾಗ ತೆಗ್ದಿದ್ರು."

ಸುಣ್ಣ ಬಳಿದ ಗೋಡೆ ಆಗಿರಲಿಲ್ಲ ಅದು. ನರಸಮ್ಮ ಮತ್ತೆ ಕೇಳಲಿಲ್ಲ. ಒಬ್ಬಟ್ಟು ಕಟ್ಟಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಆ ಬಿಳಿ ಗುರುತು ಕಣ್ಣ ಮುಂದೆ ಇತ್ತು. ಗಂಡನಿಗೆ ಹೇಳೋಣವೆಂದುಕೊಂಡಳು. ಹೇಳಿದರೆ ಉರಿಯುವ ಒಲೆಗೆ ಎಣ್ಣೆ ಹೊಯ್ದ ಹಾಗೆ. ಅಣ್ಣನನ್ನು ಕೇಳೋಣವೆಂದುಕೊಂಡಳು. ಕೇಳಿದರೆ, ನಿನಗೂ ನನ್ನ ಮೇಲೆ ಅನುಮಾನವಾ ಎಂದಾನು. ಬಾಯಿ ಕಟ್ಟಿಕೊಂಡಳು.

ಕಾರ್ತಿಕದಲ್ಲಿ ಕಡಲೆಕಾಯಿ ಬಲಿತು ಹಂದಿ ಇಳಿಯಿತು. ಒಂದು ಸಂಜೆ, ದನಗಳು ಇನ್ನೂ ಮನೆಗೆ ಬರುತ್ತಿದ್ದ ಹೊತ್ತಿಗೆ, ನರಸಮ್ಮ ಕೊಟ್ಟಿಗೆಯ ಮುಂದೆ ನಿಂತಿದ್ದಳು. ಬೀದಿಯ ತುದಿಯಲ್ಲಿ ಅಣ್ಣ ಬರುತ್ತಿದ್ದ. ಬೆನ್ನಿನ ಮೇಲೆ ಗಂಡ. ಬೈರಯ್ಯನ ಎಡಗಾಲು ಮೊಳಕಾಲಿನ ಕೆಳಗೆ ಹೋಗಬಾರದ ಕಡೆಗೆ ತಿರುಗಿ ಜೋಲಾಡುತ್ತಿತ್ತು. ದೊಡ್ಡಣ್ಣನ ಉಸಿರು ತಿದಿಯ ಹಾಗೆ ಏಳುತ್ತಾ ಇತ್ತು. ಹೊತ್ತವನ ಬೆನ್ನ ಮೇಲಿಂದಲೇ ಬೈರಯ್ಯ ಕೂಗಿದ.

"ಹಗ್ಗ ಕೊಯ್ದವ್ನೆ ಕಣೇ! ನಿಮ್ಮಣ್ಣ ಹಗ್ಗ ಕೊಯ್ದವ್ನೆ!"

ದೊಡ್ಡಣ್ಣ ಅವನನ್ನು ಮಂಚದ ಮೇಲೆ ಮಲಗಿಸಿ, ತಂಗಿಯ ಮುಖವನ್ನೂ ನೋಡದೆ, ಮೂಳೆ ಕಟ್ಟುವವನನ್ನು ಕರೆತರಲು ಕೆಂಗೇರಿಯ ಕಡೆ ಹೊರಟುಹೋದ.

ಮಾರನೆಯ ದಿನ ಊರಿಗೆ ಎರಡು ಕಥೆ ಸಿಕ್ಕಿದವು. ಬೈರಯ್ಯನ ಕಥೆ: ಭಾವ ಎಂದಿನ ಹಾಗೆ ಗೂಟದಿಂದ ಹಗ್ಗ ತಂದ, ತೂಗಿದ ಹಾಗೆ ಮಾಡಿ ಕೊಟ್ಟ, ಮೇಲೆ ಕೂತು ಕೋವಿ ಸೇದಿಕೊಳ್ಳಲು ಮುಂದಕ್ಕೆ ಬಾಗಿದರೆ ಹಗ್ಗ ಫಟ್ ಎಂದಿತು. ದೊಡ್ಡಣ್ಣನ ಕಥೆ: ತಾನು ಹೋಗುವಷ್ಟರಲ್ಲಿ ಹಗ್ಗ ಆಗಲೇ ಮರದ ಮೇಲಿತ್ತು, ಬೈರಯ್ಯ ಆಗಲೇ ಕೊಂಬೆಯ ಮೇಲಿದ್ದ. "ತೂಗಲಿಲ್ಲವಲ್ಲ ಭಾವ" ಎಂದರೆ "ನಾನೇ ತೂಗಿವ್ನಿ, ನೀನು ಸುಮ್ಕಿರು" ಎಂದ. ಹಗ್ಗ ಶ್ರಾವಣದಿಂದಲೂ ತನ್ನ ಮನೆಯಲ್ಲಿ ಇರಲೇ ಇಲ್ಲ.

ಹಿಪ್ಪೆಮರದ ಕೆಳಗೆ ಇದ್ದವರು ಅವರಿಬ್ಬರೇ. ಮೂರನೆಯವರು ಯಾರೂ ಇಲ್ಲ.

ಊರ ಯಜಮಾನ ಜಂಬಣ್ಣ ಬಂದು ಮಂಚದ ಪಕ್ಕ ಕೂತ. ಬೈರಯ್ಯ ಹಗ್ಗದ ಹರಿದ ತುಂಡನ್ನು ತಲೆದಿಂಬಿನ ಕೆಳಗಿಂದ ತೆಗೆದು ತೋರಿಸಿದ. ಬೇರೆ ಯಾರ ಕೈಗೂ ಕೊಡಲಿಲ್ಲ.

"ನೋಡಿ ಯಜಮಾನ್ರೆ. ಹರ್ದ ಹಗ್ಗದ ತುದೀಲಿ ನಾರು ಮೀಸೆ ಹಂಗೆ ಇರ್ತದೆ. ಇದಕ್ಕೆ ಮೀಸೆ ಎಲ್ಲದೆ? ತುದಿ ಮೊಟಕು. ಚಾಕು ಆಡ್ಸವ್ನೆ."

ಜಂಬಣ್ಣ ಬಗ್ಗಿ ನೋಡಿ ಗಡ್ಡ ಕೆರೆದುಕೊಂಡ. "ಸೋಮವಾರ ಕಟ್ಟೆ ಮೇಲೆ ಸೇರಾಣ. ಇಬ್ಬರೂ ದೇವರ ಮುಂದೆ ಹೇಳ್ರಿ."

"ಹೇಳೋದೇನಿಲ್ಲ. ನನ್ನ ತಂಗಿ ಆ ಮನೇಲಿ ಇರಕೂಡದು. ಅವಳು ಇಲ್ಲಿಗೆ ಬರಲಿ. ಇವಳು ಆ ಹೊಸ್ತಿಲು ತುಳೀಕೂಡದು. ತುಳಿದ್ರೆ ಅಲ್ಲೇ ಇರಲಿ."

ನರಸಮ್ಮ ಒಲೆಯ ಮುಂದೆ ಕೂತಿದ್ದವಳು ಕೇಳಿಸಿಕೊಂಡಳು. ಅಣ್ಣ ತಪ್ಪಿತಸ್ಥನಾದರೆ ತವರು ಹೋಯಿತು. ಅದಲ್ಲದೆ ತನ್ನ ಗಂಡನನ್ನು ಕೊಲ್ಲಲು ಹೊರಟವನ ತಂಗಿ ಎಂಬ ಹೆಸರು ಹೊತ್ತುಕೊಂಡು ಬಾಳಬೇಕು. ಅಣ್ಣ ತಪ್ಪಿತಸ್ಥನಲ್ಲದಿದ್ದರೆ ಗಂಡ ಸುಳ್ಳ. ಸೋಮವಾರದೊಳಗೆ ಎರಡರಲ್ಲೊಂದು ಆಗಬೇಕು. ಗೌರಿ ಹಬ್ಬದ ದಿನ ಕಂಡ ಆ ಬರಿದು ಗೂಟ ಎರಡು ಕಥೆಗೂ ಹೊಂದುತ್ತಿತ್ತು. ಅಣ್ಣ ಚಾಕು ಆಡಿಸಲೆಂದು ತೆಗೆದಿಟ್ಟಿರಬಹುದು. ಇಲ್ಲವೇ ಹಗ್ಗ ಅಲ್ಲಿ ಇಲ್ಲದೆಯೂ ಇರಬಹುದು.

ಮಧ್ಯಾಹ್ನ ಅವಳು ಬಾವಿಗೆ ಹೋದಾಗ ಹನುಮಕ್ಕ ಕಾಯುತ್ತಿದ್ದಳು. ಕಣ್ಣು ಊದಿದ್ದವು.

"ಅತ್ತಿಗೆ, ಹಗ್ಗ ತಗೊಂಡೋದದ್ದು ನಮ್ಮಣ್ಣನೇ. ಇವರು ಕೆಂಗೇರಿಗೆ ಹೋಗಿದ್ದ ದಿನ ಬಂದ. ಮಳೆ ಹುಯ್ತಿತ್ತು. ಎಣ್ಣೆ ಹಚ್ಚಿ ತಂದಾಕ್ತೀನಿ, ಭಾವನಿಗೆ ಹೇಳಬೇಡ ಅಂದ."

"ಗೌರಿ ಹಬ್ಬದಲ್ಲಿ ಸುಣ್ಣ ಅಂದೆ."

"ಅಂದೆ. ಇವರು ಗೂಟ ನೋಡಿ ಕೆಂಡ ಆಗೋದ್ರು. ನನ್ನ ಕೈ ಮೇಲೆ ನಂಬಿಕೆ ಇಲ್ಲವಾ ಅವನಿಗೆ, ಯಾರಿಗೂ ಹೇಳಕೂಡದು, ಎಲ್ಲಿಗೆ ಹೋಗ್ತಾನೆ ನೋಡಾನ ಅಂದ್ರು. ಇಬ್ಬರೂ ಹೇಳಬೇಡ ಅಂದ್ರೆ ನಾನು ಯಾರಿಗೆ ಹೇಳಲಿ?"

"ಅವತ್ತು ಸುಳ್ಳು ಹೇಳಿದ ಬಾಯಿ ಇವತ್ತು ನಿಜ ಹೇಳ್ತದೆ ಅಂತ ಹೆಂಗೆ ನಂಬಲಿ?"

ಹನುಮಕ್ಕ ಬಿಂದಿಗೆಯನ್ನು ನೆಲಕ್ಕೆ ಇಟ್ಟಳು. "ನಂಬಬೇಡ. ನನ್ನ ಗಂಡ ಕಳ್ಳ ಅಂದ್ರೆ ನಾನು ನಮ್ಮಣ್ಣನ ಮನೆಗೆ ಬರಬೇಕು. ನಮ್ಮಣ್ಣ ಕಳ್ಳ ಅಂದ್ರೆ ನನ್ನ ತವರು ಹೋಗ್ತದೆ. ಯಾವ ಸುಳ್ಳು ಹೇಳಿದ್ರೆ ನನಗೆ ಲಾಭ, ನೀನೇ ಹೇಳು."

ನರಸಮ್ಮ ತನ್ನ ಬಿಂದಿಗೆಯನ್ನು ಬಾವಿಗೆ ಇಳಿಬಿಟ್ಟಳು. ಬಾವಿಯ ಹಗ್ಗ ಹಿಡಿದುಕೊಂಡವಳು ಸೇದುವುದನ್ನೂ ಮರೆತು ನಿಂತಳು.

ಮನೆಗೆ ಬಂದಾಗ ಬೈರಯ್ಯ ನೋವಿನ ಕಷಾಯ ಕುಡಿದು ಮಲಗಿದ್ದ. ಬಿದಿರ ದಬ್ಬೆ ಕಟ್ಟಿದ ಕಾಲು ದಿಂಬಿನ ಮೇಲೆ. ಅವನು ಗೊರಕೆಗೆ ಇಳಿಯುವವರೆಗೆ ಅವಳು ಬೀಸಣಿಗೆ ಬೀಸಿದಳು. ಆಮೇಲೆ ತಲೆದಿಂಬಿನ ಅಡಿಯಿಂದ ಹಗ್ಗದ ತುಂಡನ್ನು ಎಳೆದುಕೊಂಡು ಹಿತ್ತಲಿಗೆ ಹೋದಳು.

ಮೇಲೆ ಹೊಂಗೆ ಎಣ್ಣೆಯ ಹೊಳಪು, ಕಮಟು. ತುದಿ ಮೊಟಕಾಗಿತ್ತು ನಿಜ. ಗಂಡ ಹೇಳಿದ್ದು ಸುಳ್ಳಲ್ಲ, ಮೀಸೆ ಇರಲಿಲ್ಲ. ಹಾಗಾದರೆ ಚಾಕುವೇ. ಮುಖ ತಿರುಗಿಸಿ ಬೆರಳಾಡಿಸಿದಳು. ತುದಿಯಿಂದ ಒಂದು ಗೇಣು ಈಚೆಗೆ ಬಂದು, ಒಂದು ಎಳೆಯನ್ನು ಬಿಡಿಸಿ, ಎರಡು ಕೈಯ ಹೆಬ್ಬೆರಳ ಮೇಲೆ ಎಳೆದಳು. ಎಳೆ ಒಣಗಿದ ಹುಲ್ಲಿನ ಹಾಗೆ ಮುರಿಯಿತು. ತುದಿ ಮೊಟಕು. ಇನ್ನೂ ಈಚೆಗೆ ಬಂದು ಇನ್ನೊಂದು ಎಳೆ ಬಿಡಿಸಿದಳು. ಅದೂ ಹಾಗೇ. ಇಲ್ಲಿ ಯಾರ ಚಾಕುವೂ ಆಡಿರಲಿಲ್ಲ. ಹಗ್ಗ ಉದ್ದಕ್ಕೂ ಸತ್ತಿತ್ತು.

ಹೊಗೆ ಕುಡಿದ ಹಗ್ಗ ಹಾಗೆ ಸಾಯುವುದಿಲ್ಲ. ಬಿಡಿಸಿದ ಎಳೆಯನ್ನು ಮೂಗಿಗೆ ಹಿಡಿದಳು. ಹೊಂಗೆಯ ಕಮಟಿನ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಹುಳಿ ಹುಳಿ, ಬೆಚ್ಚಗೆ, ಮುಗ್ಗಲು. ಕೆರೆಯ ಕೆಸರಿನದಲ್ಲ. ಒಲೆಯದಂತೂ ಅಲ್ಲ. ಎಳೆಗಳ ಸಂದಿಯಿಂದ ಒಂದು ಕಪ್ಪು ಕಾಳು ಅವಳ ಅಂಗೈಗೆ ಬಿತ್ತು. ಉಜ್ಜಿದಳು. ರಾಗಿ. ಕೆಟ್ಟ ರಾಗಿ.

ತಲೆಯೆತ್ತಿ ನೋಡಿದರೆ ಎದುರಿಗೇ, ಕೊಟ್ಟಿಗೆಯ ಪಕ್ಕ, ಮನೆಯ ಹಗೇವು. ರಾಗಿ ಕೂಡಿಡಲು ನೆಲದೊಳಗೆ ಗುಡಾಣದ ಹಾಗೆ ತೋಡಿದ ಗುಂಡಿ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ಯುಗಾದಿಯಿಂದ ಈಚೆಗೆ ಅವರು ಅದನ್ನು ತೆಗೆದಿರಲಿಲ್ಲ. ಹತ್ತಿರ ಹೋಗಿ ಬಗ್ಗಿದಳು. ಒಂದು ಕಡೆಯ ಮೆತ್ತು ಹಳೆಯದು, ಬಿರುಕು ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಕಡೆಯದು ಕೆಂಪಗೆ ಹೊಸದು. ಹೊಸ ಮಣ್ಣಿನ ಮೇಲೆ ಒಂದು ಕೈಯ ಅಚ್ಚು. ಉಳಿದ ಬೆರಳೆಲ್ಲ ಉದ್ದ, ತೋರುಬೆರಳು ಮೋಟು.

ಅವಳು ಅಲ್ಲೇ ಕೂತುಬಿಟ್ಟಳು.

ಹಗೇವನ್ನು ಒಬ್ಬರೇ ತೆಗೆಯಬಾರದು. ಒಳಗಿನ ಕೆಟ್ಟ ಗಾಳಿಗೆ ಆಳು ಬಿದ್ದರೆ ಎತ್ತುವವರು ಬೇಕು. ಮಾರನೆಯ ಬೆಳಿಗ್ಗೆ ಅವಳು ಹನುಮಕ್ಕನನ್ನು ಕರೆದಳು. ಬೈರಯ್ಯ ಮಂಚದಿಂದ ಏಳುವಂತಿಲ್ಲ, ಹಿತ್ತಲು ಅವನಿಗೆ ಕಾಣದು. ಇಬ್ಬರೂ ಸೇರಿ ಹಾರೆ ಹಾಕಿ ಚಪ್ಪಡಿ ಸರಿಸಿದರು. ಹಣತೆ ಹಚ್ಚಿ ಹುರಿಯಲ್ಲಿ ಕಟ್ಟಿ ಇಳಿಬಿಟ್ಟರು. ಬಾಯಿ ದಾಟುತ್ತಲೇ ದೀಪ ಆರಿತು.

"ಅಬ್ಬಾ!" ಎಂದು ಹನುಮಕ್ಕ ಸೆರಗಿನಿಂದ ಮೂಗು ಮುಚ್ಚಿದಳು. "ಸತ್ತ ಇಲಿ ಬಿದ್ದದಾ?"

"ಸುಮ್ಕಿರು. ಗಾಳಿ ಆಡಲಿ."

ಹೊತ್ತು ಕಳೆದ ಮೇಲೆ ದೀಪ ನಿಂತಿತು. ನರಸಮ್ಮ ಕೆಳಗಿಳಿಯಲಿಲ್ಲ. ಬೋರಲು ಮಲಗಿ ಕೈ ಇಳಿಸಿ ಮೇಲಿನ ರಾಗಿಯನ್ನು ಬಾಚಿ ಮೊರಕ್ಕೆ ಹಾಕಿದಳು. ಹೆಪ್ಪುಗಟ್ಟಿ ಕಪ್ಪಾಗಿತ್ತು. ಶ್ರಾವಣದ ಮಳೆಯಲ್ಲಿ ತೊಯ್ದ ಹಗ್ಗವನ್ನು ಹಾಗೇ ಇಟ್ಟು ಮುಚ್ಚಿದ್ದರಿಂದ ತೇವಕ್ಕೆ ರಾಗಿ ಬೆಂದ ಹಾಗೆ ಬಿಸಿಯೇರಿ ಕೆಟ್ಟಿತ್ತು. ಹೆಪ್ಪಿನ ಮೇಲೆ ಹಗ್ಗದ ಸುರುಳಿ ಇದ್ದ ಅಚ್ಚು ಚಕ್ಕುಲಿಯ ಹಾಗೆ ಮೂಡಿತ್ತು. ಅದರಲ್ಲಿ ನಾರಿನ ಚೂರುಗಳು ಅಂಟಿಕೊಂಡಿದ್ದವು.

ಹನುಮಕ್ಕ ಮೊರ ನೋಡಿದಳು, ಅತ್ತಿಗೆಯ ಮುಖ ನೋಡಿದಳು. "ನಮ್ಮಣ್ಣ ಕೋವಿ ಹಿಡಿದು ಹಂದಿ ಕಾಯ್ತಾನೆ, ಬುದ್ಧಿ ಮಾತ್ರ ಹಂದಿಗೇ ಕೊಟ್ಟು ಬಂದವ್ನೆ" ಎಂದು ಅತ್ತಳೋ ನಕ್ಕಳೋ ತಿಳಿಯದ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನರಸಮ್ಮ ಮೊರವನ್ನು ತಂದು ಗಂಡನ ಮಂಚದ ಪಕ್ಕ ಇಟ್ಟಳು. ಬೈರಯ್ಯ ನೋಡಿದ.

"ನನ್ನ ಮೇಲೆ ಬೇಹು ಮಾಡ್ತಾ ಇದೀಯಾ?"

"ನಿಮ್ಮ ಹಗ್ಗದ ಮೇಲೆ."

"ಆ ಮನೇಲಿ ಇದ್ರೆ ಕೊಯ್ದಾನು ಅಂತ ತಂದೆ. ಈ ಮನೇಲಿ ಇಟ್ರೆ ತಂಗಿ ಬರ್ತಾಳೆ, ಭಾವ ಬರ್ತಾನೆ. ಹಗೇವನ್ನ ಯಾರೂ ತೆಗಿಯಾಕಿಲ್ಲ ಅಂತ ಅಲ್ಲಿಟ್ಟೆ." ಅವನ ದನಿ ಇಳಿಯಿತು. "ತೆಗ್ದಾಗ ತೇವ ಇತ್ತು. ಬಿಸಿಲಿಗೆ ಹಾಕ್ದೆ, ಎಣ್ಣೆ ಹಚ್ದೆ. ಚೆನ್ನಾಗೇ ಕಾಣ್ತಿತ್ತು."

"ತೂಗಿದ್ರಾ?"

"ಅವನ ಕೈಗೆ ಕೊಡಬಾರದು ಅಂತ ಬೇಗ ಹತ್ತಿದೆ."

"ನೀವು ತೂಗಿದ್ರಾ?"

ಬೈರಯ್ಯ ಕಾಲಿನ ದಬ್ಬೆಯ ಕಟ್ಟು ಸರಿಮಾಡಿಕೊಂಡ. ಆಮೇಲೆ ಅವನು ಕಣ್ಣು ಕಿರಿದು ಮಾಡಿ, "ತರೋಕೆ ಮುಂಚೆನೇ ಅವನು ಕೊಯ್ದಿರಬಹುದಲ್ಲ" ಎಂದ.

ನರಸಮ್ಮ ಹಗ್ಗದ ತುಂಡು ತೆಗೆದು ಅವನ ಕೈಗೆ ಕೊಟ್ಟಳು. "ಎಲ್ಲಿ ಬೇಕಾದ್ರೂ ಒಂದು ಎಳೆ ಬಿಡ್ಸಿ ಎಳೀರಿ."

ಅವನು ಎಳೆದ. ಮುರಿಯಿತು. ಬೇರೆ ಕಡೆ ಎಳೆದ. ಮುರಿಯಿತು. ಮತ್ತೂ ಎಳೆದ, ಎಲ್ಲಾದರೂ ಒಂದು ಕಡೆ ಚಾಕುವಿನ ಗುರುತು ಸಿಕ್ಕೀತು ಎನ್ನುವವನ ಹಾಗೆ. ಮಂಚದ ಮೇಲೆಲ್ಲ ನಾರಿನ ಮೊಟಕು ಚೂರುಗಳು ಬಿದ್ದವು.

"ನಾಳೆ ಸೋಮವಾರ" ಎಂದಳು. "ನ್ಯಾಯದಲ್ಲಿ ಹೆಂಗಸು ಮಾತಾಡೋ ಪದ್ಧತಿ ಇಲ್ಲ. ನಾನು ಮಾತಾಡಾಕಿಲ್ಲ. ಈ ಮೊರ ಹಿಡ್ಕೊಂಡು ಹೆಂಗಸರ ಸಾಲಲ್ಲಿ ಕೂತಿರ್ತೀನಿ. ರಾಗಿ ಏನಾಯ್ತವ್ವ ಅಂತ ಯಾರಾದ್ರೂ ಕೇಳ್ತಾರೆ. ಕೇಳಿದೋರಿಗೆ ಸುಳ್ಳು ಹೇಳಾಕಿಲ್ಲ."

ಸೋಮವಾರ ಬೈರಯ್ಯನನ್ನು ಮಂಚದ ಸಮೇತ ಹೊತ್ತು ಅರಳಿಕಟ್ಟೆಯ ಮುಂದೆ ಇಳಿಸಿದರು. ಎದುರಿಗೆ ದೊಡ್ಡಣ್ಣ, ತಲೆಗೆ ಟವಲು ಸುತ್ತಿಕೊಂಡು, ನೆಲ ನೋಡುತ್ತಾ. ಜಂಬಣ್ಣ ಎಲೆ ಅಡಿಕೆ ಜಗಿದು ಮುಗಿಸಿ, "ಬೈರಯ್ಯ, ದೂರು ನಿಂದು. ನೀನೇ ಶುರು ಮಾಡು" ಎಂದ.

ಬೈರಯ್ಯ ಭಾವನನ್ನು ನೋಡಲಿಲ್ಲ. ಹೆಂಗಸರ ಸಾಲಿನ ಕಡೆ ನೋಡಿದ. ಮೊರ ಅಲ್ಲಿತ್ತು. ಯಾರೋ ಆಗಲೇ ಅದರೊಳಕ್ಕೆ ಕತ್ತು ಚಾಚುತ್ತಿದ್ದರು.

"ಹಗ್ಗ ನಾನೇ ತಂದಿದ್ದೆ" ಎಂದ. "ಹಗೇವಲ್ಲಿ ಇಟ್ಟಿದ್ದೆ."

"ಹಗೇವಲ್ಲಾ?" ಜಂಬಣ್ಣನಿಗೆ ತಾನು ಕೇಳಿದ್ದು ಸರಿಯೋ ಎಂದು ಅನುಮಾನ. "ಹಗ್ಗ ಏನು ಮುಂದಿನ ವರ್ಷಕ್ಕೆ ಉಣ್ಣಾಕಾ?"

ಕಟ್ಟೆಯ ಮೇಲೆ ನಗು ಎದ್ದಿತು. ದೊಡ್ಡಣ್ಣ ಮಾತ್ರ ನಗಲಿಲ್ಲ.

"ಯಾಕಯ್ಯಾ ಅಲ್ಲಿಟ್ಟೆ?"

"ಭಾವ ಕೊಯ್ದಾನು ಅಂತ." ಬೈರಯ್ಯ ಮಂಚದ ಅಂಚು ಹಿಡಿದು ಎದ್ದು ಕೂತ. "ಕೊಯ್ದಿಲ್ಲ. ಹಗ್ಗ ಹಗೇವಲ್ಲೇ ಕೊಳೆತದ್ದು."

ದೊಡ್ಡಣ್ಣ ಎದ್ದು ನಿಂತ. "ನಿನ್ನನ್ನ ಹೊತ್ಕೊಂಡು ಬರೋವಾಗ ಊರೆಲ್ಲ ಕೇಳೋ ಹಂಗೆ ಕೂಗಿದೆಯಲ್ಲ. ಈಗ ವಸಿ ಆ ದನೀಲಿ ಹೇಳು" ಎಂದು, ಹೇಳುವವರೆಗೂ ನಿಲ್ಲದೆ, ಟವಲು ಕೊಡವಿಕೊಂಡು ಹೊರಟುಹೋದ. ಹನುಮಕ್ಕ ಒಂದು ಗಳಿಗೆ ಅಣ್ಣನ ಮಂಚ ನೋಡಿ, ಗಂಡನ ಹಿಂದೆ ಹೋದಳು.

ಜಂಬಣ್ಣ ಹೇಳಿದ ನ್ಯಾಯ ಚಿಕ್ಕದು. ಇಬ್ಬರ ಮನೆಯ ಹೆಣ್ಣೂ ಇದ್ದಲ್ಲೇ ಇರಲಿ. ಬೈರಯ್ಯನ ಕಾಲು ಇನ್ನು ಮರಕ್ಕೆ ಆಗಿಬರುವುದಿಲ್ಲ. ಲೈಸೆನ್ಸಿನಲ್ಲಿ ಹೆಸರಿರುವವನು ಇನ್ನೊಬ್ಬ ದೊಡ್ಡಣ್ಣನೇ, ಅವನೇ ಹತ್ತಬೇಕು. "ಬೈರಯ್ಯ, ಹೊಸ ಹಗ್ಗ ನಿನ್ನ ಕೈಯಲ್ಲೇ ಹೊಸೀ. ನರಸಮ್ಮನ ಕೈಯಲ್ಲಲ್ಲ. ಕಟ್ಟಳೆ ಪ್ರಕಾರ ಅವನ ಹಗ್ಗ ಅವನ ಹೆಂಡ್ತಿ ಅಣ್ಣನ ಗೂಟದಲ್ಲಿರಬೇಕು. ಅಂದ್ರೆ ನಿನ್ನ ಗೂಟದಲ್ಲಿ."

ಆ ಬೇಸಿಗೆ ಬೈರಯ್ಯ ಮಂಚದ ಮೇಲೆ ಕೂತು ಹಗ್ಗ ಹೊಸೆದ. ನರಸಮ್ಮ ನಾರು ಬಿಡಿಸಿಕೊಡುವಳು, ಹೊಸೆಯಲು ಕೈ ಹಾಕುತ್ತಿರಲಿಲ್ಲ. ಅವನು ನಿದ್ದೆ ಹೋದಾಗ ಮಾತ್ರ ಅಂದಂದು ಹೊಸೆದದ್ದನ್ನು ಬೆರಳ ಸಂದಿಯಲ್ಲಿ ಎಳೆದು ನೋಡುವಳು. ಸಡಿಲ ಕಂಡಲ್ಲಿ ಬಿಚ್ಚಿಡುವಳು. ಬೆಳಿಗ್ಗೆ ಅವನು ಅದನ್ನು ಕಂಡು ಮತ್ತೆ ಹೊಸೆಯುವನು.

ಹಗ್ಗ ಅವಳ ಒಲೆಯ ಮೇಲೆ ಏರಿತು. ಅಲ್ಲಿಂದ ದೊಡ್ಡಣ್ಣನಿಗೆ ಆ ಮನೆಯಲ್ಲಿ ಕೆಲಸಗಳು ಹುಟ್ಟಿಕೊಂಡವು.

"ಮಜ್ಜಿಗೆ ಇದ್ಯಾ?" ಎಂದು ನೇರ ಅಡುಗೆಮನೆಗೆ ಬರುವನು. ಕುಡಿಯುವಾಗ ತಲೆಯೆತ್ತಲೇಬೇಕಲ್ಲ, ಆಗ ಗೂಟ ನೋಡಿಕೊಳ್ಳುವನು.

"ನಿಮ್ಮನೇಲೇ ಎರಡು ಎಮ್ಮೆ ಕರೀತವೆ ಅಣ್ಣ."

"ನಿನ್ನ ಕೈ ಮಜ್ಜಿಗೆ ರುಚಿ."

ಪಡಸಾಲೆಯಲ್ಲಿ ಕೂತ ಬೈರಯ್ಯನ ಜೊತೆ ಅವನು ಮಾತಾಡುತ್ತಿರಲಿಲ್ಲ. ಅವನು ಬರುವುದು ಗೂಟ ನೋಡಲಿಕ್ಕೆ ಎಂದು ಬೈರಯ್ಯನಿಗೆ ತಿಳಿಯದೆ ಇರಲಿಲ್ಲ. ನರಸಮ್ಮನಿಗೂ ನೆಮ್ಮದಿ ಇರಲಿಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ತಾನೂ ಗೂಟ ನೋಡುವಳು. ಒಮ್ಮೆ ಅನುಮಾನಕ್ಕೆ ಬಿದ್ದ ಗಂಡ ಇನ್ನೊಮ್ಮೆ ಏನು ಮಾಡಿಯಾನು ಎಂದು ಅವಳು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಅನ್ನ ಬಸಿಯುವಾಗಲೂ ಕಣ್ಣು ಅಲ್ಲೇ.

ಮುಂದಿನ ಕಾರ್ತಿಕಕ್ಕೆ ಹಂದಿ ಮತ್ತೆ ಇಳಿಯಿತು. ಬಿಸಿಲು ಇಳಿಮುಖವಾಗುತ್ತಲೇ ಎರಡು ಮನೆಯವರೂ ಹಿಪ್ಪೆಮರದ ಬುಡಕ್ಕೆ ಹೋದರು. ಹೊಲಗಳ ಆಚೆಯ ಅಂಚಿನಲ್ಲಿ ಸರ್ವೆಯವರು ನೆಟ್ಟ ಕಲ್ಲುಗಳಿದ್ದವು. ಅವು ಎರಡು ಹೊಲವನ್ನೂ ಸರ್ಕಾರದ ಜಾಗದೊಳಗೆ ಹಾಕಿಕೊಂಡು ಒಂದೇ ಸಾಲಾಗಿ ಹೋಗಿದ್ದವು. ಯಾರ ಹೊಲ ಯಾರ ಕಡೆಗೆ ಸರಿಯಿತು ಎಂಬ ಪ್ರಶ್ನೆಯೇ ಅಲ್ಲಿ ಇರಲಿಲ್ಲ.

ಬೈರಯ್ಯ ಕೋಲು ಊರಿಕೊಂಡು, ಹೆಗಲಿಗೆ ಹಗ್ಗ ಹಾಕಿಕೊಂಡು ಬಂದ. ದೊಡ್ಡಣ್ಣ ಅದನ್ನು ಇಸಿದುಕೊಂಡು, ಬೆಳಕಿಗೆ ಹಿಡಿದು, ಇಂಚಿಂಚೂ ನೋಡಿದ. ಎಳೆ ಬಿಡಿಸಿ ಎಳೆದು ನೋಡಿದ. ಬೈರಯ್ಯನ ಮುಖ ಕೆಂಪಾಯಿತು, ಆದರೆ "ನೋಡು, ಚೆನ್ನಾಗಿ ನೋಡು" ಎಂದಷ್ಟೇ ಹೇಳಿದ. ಆಮೇಲೆ ಹಗ್ಗವನ್ನು ತಗ್ಗಿನ ಕೊಂಬೆಗೆ ಹಾಕಿ, ಕೋಲನ್ನು ಕೆಳಗೆ ಬಿಟ್ಟು, ಎರಡು ಕೈಯಲ್ಲಿ ಹಿಡಿದು ಜೋತುಬಿದ್ದ. ಸೊಟ್ಟಗಾದ ಎಡಗಾಲನ್ನು ಎತ್ತಿಕೊಂಡ.

ದೊಡ್ಡಣ್ಣ ಬಗ್ಗಿ ನೋಡಿದ. "ಬಲಗಾಲ ಬೆರಳು ನೆಲ ತಾಗ್ತಾ ಅದೆ, ಭಾವ. ಎರಡೂ ಎತ್ತು."

ಒಂದು ವರ್ಷದಲ್ಲಿ ಮೊದಲನೆಯ ಸಲ ಅವನು ಭಾವ ಎಂದದ್ದು. ಬೈರಯ್ಯ ಎರಡೂ ಕಾಲು ಎತ್ತಿದ. ಕೊಂಬೆ ಕಿರ್ರೆಂದಿತು. ಹಗ್ಗ ಬಿಗಿದು ನಿಂತಿತು. ನರಸಮ್ಮ ಮುಖ ಬೇರೆ ಕಡೆ ತಿರುಗಿಸಿ ನಿಂತಿದ್ದಳು, ಒಂದು ಕೈ ಕೊಂಬೆಯ ಹತ್ತಿರದ ಹಗ್ಗದ ಮೇಲೆ. ಎಳೆಗಳು ಒಂದರೊಳಗೊಂದು ಕೂರುವುದು ಬೆರಳಿಗೆ ತಿಳಿಯಿತು. ಎಲ್ಲೂ ಬಿಟ್ಟುಕೊಳ್ಳಲಿಲ್ಲ.

"ಇನ್ನೂ ಎಷ್ಟೊತ್ತು?" ಎಂದ ಬೈರಯ್ಯ ಹಲ್ಲು ಕಚ್ಚಿ.

"ಇರು ವಸಿ" ಎಂದ ದೊಡ್ಡಣ್ಣ. ಅವನಿಗೆ ಅದು ಸಾಕೆನಿಸಲು ಹೊತ್ತು ಹಿಡಿಯಿತು. ಆಮೇಲೆ, "ಇಳಿ" ಎಂದ.

ಬೈರಯ್ಯ ತಾನೇ ಅವನ ಸೊಂಟಕ್ಕೆ ಬಿಗಿದ. ಒಂದು ತುದಿ ಮರಕ್ಕೆ ಬಿದ್ದಿತು. ದೊಡ್ಡಣ್ಣನ ಕಾಲು ನಡುಗುತ್ತಲೇ ನೆಲ ಬಿಟ್ಟಿತು. ಮೊದಲ ಕೊಂಬೆಯ ಹತ್ತಿರ ನಿಂತ. "ಮೇಲಿಂದು ಕಟ್ಟು, ಕಟ್ಟಿದ ಮೇಲೆ ಕೆಳಗಿಂದು ಬಿಚ್ಚು" ಎಂದು ಬೈರಯ್ಯ ಕೆಳಗಿನಿಂದ ಕೂಗಿದ. ದೊಡ್ಡಣ್ಣ ಹಾಗೇ ಮಾಡಿದ. ಕವಲಲ್ಲಿ ಕೂತು ಕಟ್ಟಿಕೊಂಡ ಮೇಲೆ ಕೋವಿ ದಾರದಲ್ಲಿ ಮೇಲೇರಿತು.

ಹನುಮಕ್ಕ ನರಸಮ್ಮನ ತೋಳು ಹಿಡಿದಳು. "ಮನೆಗೆ ಹೋಗಾಣ ಬಾ ಅತ್ತಿಗೆ. ಹೆಂಗಸರು ಇದ್ರೆ ಹಂದಿ ಬರಾಕಿಲ್ಲ."

"ಬರದಿದ್ರೆ ಬಿಡಲಿ. ನೀನು ಹೋಗು."

"ನಮ್ಮಣ್ಣನ ಮೇಲೆ ಇನ್ನೂ ಅನುಮಾನವಾ?"

ನರಸಮ್ಮ ಬದುವಿನ ಮರೆಯಲ್ಲಿ, ಗಂಡ ಕೂತ ಜಾಗವೂ ಮರದ ಮೇಲಿನ ಗಂಟೂ ಎರಡೂ ಕಾಣುವ ಹಾಗೆ, ಸೆರಗು ಹೊದ್ದು ಕೂತಳು. ಅಣ್ಣನ ಎರಡು ಕಾಲೂ ಮತ್ತೆ ನೆಲಕ್ಕೆ ತಾಗುವವರೆಗೆ ಅವಳು ಅಲ್ಲಿಂದ ಏಳಲಿಲ್ಲ.